ಟರ್ಬೊ ಕಾರಿಗೆ ಎಷ್ಟು ಬೂಸ್ಟ್ ಸೇಫ್?

ಭಾನುವಾರ ನಸುಕಿನಲ್ಲಿ ಬೆಳಗಾವಿಯ ಮೂರನೇ ರೈಲ್ವೆ ಗೇಟ್ ಹತ್ತಿರ ನಿಂತರೆ ಗೋವಾ ಕಡೆ ಹೊರಟ ಕಾರುಗಳ ಸಾಲು ಕಾಣುತ್ತದೆ. ಉದ್ಯಮಬಾಗ, ಪೀರನವಾಡಿ ದಾಟಿದ ಮೇಲೆ ಕೆಲವು ನೇರ ಖಾನಾಪುರಕ್ಕೆ ಹೋಗುತ್ತವೆ, ಕೆಲವು ಜಾಂಬೋಟಿ, ಕಣಕುಂಬಿ ಮೇಲಿಂದ ಚೋರ್ಲಾ ಘಾಟ್ ಇಳಿಯುತ್ತವೆ. ಮೊದಲೆಲ್ಲ ಟರ್ಬೊ ಅಂದ್ರೆ ಡೀಸೆಲ್ ಗಾಡಿ ಅಂತಲೇ ಲೆಕ್ಕ. ಈಗ ಐ20 ಎನ್ ಲೈನ್, ವರ್ಟಸ್ ಜಿಟಿ, ಸ್ಲಾವಿಯಾದಂಥ ಪೆಟ್ರೋಲ್ ಕಾರುಗಳಲ್ಲೂ ಟರ್ಬೊ ಇದೆ. ಒಂದು ಲೀಟರಿನ ಪುಟ್ಟ ಎಂಜಿನ್ 120 ಪಿಎಸ್ ಕೊಡುತ್ತದೆ, ಒಂದೂವರೆ ಲೀಟರಿನದು 150 ಪಿಎಸ್. ಇಷ್ಟೂ ಸಾಲದು ಅನ್ನುವ ಹುಡುಗರು ನಮ್ಮ ಕಡೆ ಕಡಿಮೆ ಏನಿಲ್ಲ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಬಿ.ಇ. ಓದಿದ್ದೇನೆ ಅಂತ ಮನೆಯಲ್ಲಿ ಮಿಕ್ಸರ್ ಕೆಟ್ಟರೂ ಕಾರು ಕೆಟ್ಟರೂ ಮೊದಲ ಫೋನ್ ನನಗೇ. ಖಾನಾಪುರದಲ್ಲಿರುವ ನಮ್ಮ ಕಾಕಾನ ಮಗ ಕಳೆದ ವರ್ಷ ಸಾಲ ಮಾಡಿ ಟರ್ಬೊ ಕಾರು ತಗೊಂಡ. ಆರು ತಿಂಗಳಾಗಿರಬೇಕು, ಫೋನ್ ಬಂತು: “ಅಣ್ಣಾ, ಎಂಜಿನ್ ಬಿಚ್ಚೂದಿಲ್ಲ, ಏನೂ ಬದಲ್ ಮಾಡೂದಿಲ್ಲ. ಬರೇ ಬೂಸ್ಟ್ ಎಷ್ಟರ ತನಕಾ ಏರಿಸಬಹುದು? ಸೇಫ್ ನಂಬರ್ ಒಂದ ಹೇಳಿಬಿಡು.”

“ಅಂಥಾ ಒಂದ ನಂಬರ್ ಇಲ್ಲೋ ತಮ್ಮಾ” ಅಂದೆ. ಯಾಕಿಲ್ಲ ಅನ್ನೋದನ್ನ ಅವನಿಗೆ ಹೇಳಿದ ಹಾಗೇ ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಕಾರು, ಇಂಥ ಹುಡುಗ ಇರಬಹುದು.

ಕುಕ್ಕರ್ ಸೀಟಿ ಇದ್ದ ಹಾಗೆ

ಎಂಜಿನ್ ಉಸಿರಾಡಬೇಕು. ಪೆಟ್ರೋಲ್ ಹೆಚ್ಚು ಸುಡಬೇಕಾದರೆ ಗಾಳಿಯೂ ಹೆಚ್ಚು ಬೇಕು. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವುದೇ ಟರ್ಬೊ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತಿಗೂ ಹೆಚ್ಚು ತಿರುಗಬಲ್ಲದು. ಹೊರಗಿನ ಗಾಳಿಯ ಒತ್ತಡಕ್ಕಿಂತ ಹೀಗೆ ಎಷ್ಟು ಹೆಚ್ಚಿಗೆ ಒತ್ತುತ್ತದೋ ಅದೇ ‘ಬೂಸ್ಟ್’. ಅದನ್ನು ಪಿಎಸ್‌ಐ ಅಥವಾ ಬಾರ್‌ನಲ್ಲಿ ಅಳೆಯುತ್ತಾರೆ.

ಒತ್ತಡ ಮಿತಿ ಮೀರದಂತೆ ‘ವೇಸ್ಟ್‌ಗೇಟ್’ ಅನ್ನುವ ಒಂದು ಬಾಗಿಲು ಇರುತ್ತದೆ. ಕುಕ್ಕರಿನ ಸೀಟಿ ಇದ್ದ ಹಾಗೆ ಅನ್ನಿ. ಒತ್ತಡ ಸಾಕು ಅನಿಸಿದಾಗ ಹೊಗೆ ಟರ್ಬೊ ಚಕ್ರಕ್ಕೆ ಹೋಗದೆ ಪಕ್ಕದಿಂದ ಹೊರಬೀಳುತ್ತದೆ. ಯಾವಾಗ ತೆರೆಯಬೇಕು ಅಂತ ತೀರ್ಮಾನಿಸುವುದು ಕಾರಿನ ಕಂಪ್ಯೂಟರ್, ಅಂದರೆ ಇಸಿಯು. ಬೂಸ್ಟ್ ಏರಿಸೋದು ಅಂದ್ರೆ ಈ ಸೀಟಿಯನ್ನು ತಡವಾಗಿ ಏಳೋ ಹಾಗೆ ಮಾಡೋದು. ಕುಕ್ಕರ್ ಅದೇ, ಗ್ಯಾಸ್ಕೆಟ್ ಅದೇ, ಒಳಗಿನ ಒತ್ತಡ ಮಾತ್ರ ಬೇರೆ.

ಮಿತಿ ಹಾಕೋದು ಬಿಸಿ

ಗಾಳಿ ಒತ್ತಿದಷ್ಟೂ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಇದು ಗೊತ್ತು. ಈ ಬಿಸಿ ಗಾಳಿ ಸಿಲಿಂಡರಿನಲ್ಲಿ ಪೆಟ್ರೋಲ್ ಜೊತೆ ಸೇರಿ, ಪ್ಲಗ್ ಹಚ್ಚಿದ ಕಿಡಿಯ ಜ್ವಾಲೆ ಮೂಲೆ ಮುಟ್ಟುವ ಮೊದಲೇ ತಾನಾಗಿ ಸಿಡಿದರೆ ಅದಕ್ಕೆ ‘ನಾಕಿಂಗ್’ ಅನ್ನುತ್ತಾರೆ. ಪಿಸ್ಟನ್ ಮೇಲೆ ಸುತ್ತಿಗೆ ಏಟು ಬಿದ್ದಂತೆ. ಬೂಸ್ಟ್ ಜಾಸ್ತಿ ಇದ್ದಾಗ ಇಂಥ ಕೆಲವೇ ಜೋರು ಏಟುಗಳಿಗೂ ಪಿಸ್ಟನ್ ರಿಂಗ್ ಕೂರುವ ಅಂಚು ಮುರಿಯಬಹುದು.

ಇದು ಹೊಸ ಸಮಸ್ಯೆಯಲ್ಲ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಟರ್ಬೊ ಹೊತ್ತ ಮೊದಲ ಕಾರುಗಳಲ್ಲಿ ಒಂದು. ಬೂಸ್ಟ್ ಬರೇ 5 ಪಿಎಸ್‌ಐ ಇದ್ದರೂ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸಬೇಕಿತ್ತು. 1975ರ ಪೋರ್ಷೆ 911 ಟರ್ಬೊ 0.8 ಬಾರ್ ಬೂಸ್ಟ್ ತಡೆಯಲೆಂದು ಎಂಜಿನ್ನಿನ ಕಂಪ್ರೆಶನ್ ಅನುಪಾತವನ್ನು 6.5ಕ್ಕೆ ಇಳಿಸಿತ್ತು. ಇಂದಿನ 1.5 ಟಿಎಸ್‌ಐ ಎಂಜಿನ್ನಿನಲ್ಲಿ ಅದೇ ಅನುಪಾತ 10.5. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸಿ ತಂಪು ಮಾಡುವುದು, ನಾಕ್ ಸೆನ್ಸರ್ ಮತ್ತು ವೇಗದ ಇಸಿಯು ಸೇರಿ ಇದು ಸಾಧ್ಯವಾಗಿದೆ. ಅಂದರೆ ಕಂಪನಿಯವರೇ ಎಂಜಿನ್ನನ್ನು ಬಹಳಷ್ಟು ಹಿಂಡಿ ಕೊಟ್ಟಿದ್ದಾರೆ. ಉಳಿದ ಅಂತರ ಬೇಸಿಗೆಯ ಬಿಸಿಲು, ಕಳಪೆ ಪೆಟ್ರೋಲ್, ತುಂಬಿದ ಡಿಕ್ಕಿ, ಹಳೆಯದಾದ ಎಂಜಿನ್ ಇವುಗಳಿಗಾಗಿ ಇಟ್ಟ ಆಪತ್ಧನ.

ಬೆಳಗಾವಿಯ ಎತ್ತರದ ಲೆಕ್ಕ

ಇಲ್ಲಿ ನಮ್ಮೂರಿನ ಮಾತು ಬರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಇಲ್ಲಿ ಅದು 13.4ರ ಆಸುಪಾಸು. ಪಣಜಿಯಲ್ಲಿ 10 ಪಿಎಸ್‌ಐ ಬೂಸ್ಟ್ ಇದ್ದರೆ ಎಂಜಿನ್ನಿಗೆ ಒಟ್ಟು 24.7 ಸಿಗುತ್ತದೆ. ಅಷ್ಟೇ ಗಾಳಿ ಬೆಳಗಾವಿಯಲ್ಲಿ ಬೇಕಾದರೆ ಟರ್ಬೊ 11.3 ಒತ್ತಬೇಕು, ಅಂದರೆ ಇನ್ನೂ ಜೋರಾಗಿ ತಿರುಗಬೇಕು.

ಹೊರಗೆ 35 ಡಿಗ್ರಿ ಸೆಲ್ಸಿಯಸ್, ಟರ್ಬೊ ದಕ್ಷತೆ 70% ಅಂತ ಹಿಡಿದು ನಾನು ಲೆಕ್ಕ ಹಾಕಿದೆ. ಪಣಜಿಯಲ್ಲಿ ಟರ್ಬೊದಿಂದ ಹೊರಬರುವ ಗಾಳಿ ಸುಮಾರು 105 ಡಿಗ್ರಿ, ಬೆಳಗಾವಿಯಲ್ಲಿ ಅಷ್ಟೇ ಗಾಳಿಗೆ 119 ಡಿಗ್ರಿ. ಈಗ ಬೂಸ್ಟನ್ನು ಸಮುದ್ರಮಟ್ಟದ 14 ಪಿಎಸ್‌ಐ ಲೆಕ್ಕಕ್ಕೆ ಏರಿಸಿದರೆ ಬೆಳಗಾವಿಯಲ್ಲಿ 142 ಡಿಗ್ರಿ ದಾಟುತ್ತದೆ. ಸಿಕ್ಕ ಒತ್ತಡದ ಲಾಭ 16% ಮಾತ್ರ. ಇಂಟರ್‌ಕೂಲರ್ ಇದನ್ನು ತಣ್ಣಗೆ ಮಾಡುತ್ತದೆ ನಿಜ, ಆದರೆ ಗೋವಾದಿಂದ ನಾಲ್ಕು ಜನ, ಬ್ಯಾಗು ತುಂಬಿಕೊಂಡು ಚೋರ್ಲಾ ಏರುವಾಗ ಕಾರಿನ ವೇಗ ಕಡಿಮೆ, ಎದುರು ಗಾಳಿ ಕಡಿಮೆ, ಎಂಜಿನ್ ಮೇಲಿನ ಹೊರೆ ಪೂರ್ತಿ. ತಂಪಾದ ಬೆಳಗಿನಲ್ಲಿ ಖಾನಾಪುರ ರೋಡಿನ ನೇರ ದಾರಿಯಲ್ಲಿ ‘ಸೇಫ್’ ಅನಿಸಿದ ನಂಬರ್ ಘಾಟಿನಲ್ಲಿ ಸೇಫ್ ಅಲ್ಲ.

ಪೆಟ್ರೋಲೂ ಬದಲಾಗಿದೆ. ಈಗಿನ ಇ20 ಪೆಟ್ರೋಲಿನಲ್ಲಿ 20% ಎಥನಾಲ್. ನಮ್ಮ ಜಿಲ್ಲೆಯ ಕಬ್ಬಿನಿಂದಲೂ ಎಥನಾಲ್ ತಯಾರಾಗುತ್ತದೆ. ಎಥನಾಲ್ ನಾಕಿಂಗ್ ತಡೆಯುತ್ತದೆ, ಅದು ಒಳ್ಳೇದೇ. ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹೀಗಾಗಿ ಇಂಜೆಕ್ಟರ್ ಹೆಚ್ಚು ಇಂಧನ ಬಿಡಬೇಕು. ಬೂಸ್ಟ್ ಏರಿಸಿ, ಇಂಜೆಕ್ಟರಿಗೆ ಅಷ್ಟು ಬಿಡಲು ತಾಕತ್ತಿಲ್ಲದಿದ್ದರೆ ಮಿಶ್ರಣ ತೆಳುವಾಗಿ ಬಿಸಿ ಇನ್ನೂ ಏರುತ್ತದೆ.

ಸೆನ್ಸರಿಗೆ ಹೇಳುವ ಸುಳ್ಳು

ಬೂಸ್ಟ್ ಏರಿಸಲು ಎರಡು ದಾರಿ. ಒಂದು ರೀಮ್ಯಾಪ್, ಅಂದರೆ ಇಸಿಯು ಒಳಗಿನ ಕೋಷ್ಟಕಗಳನ್ನೇ ಬದಲಿಸುವುದು. ಇನ್ನೊಂದು ‘ಟ್ಯೂನಿಂಗ್ ಬಾಕ್ಸ್’. ಇದು ಸೆನ್ಸರಿಗೂ ಇಸಿಯುಗೂ ನಡುವೆ ಕೂತು, ಒತ್ತಡ ಇದ್ದದ್ದಕ್ಕಿಂತ ಕಡಿಮೆ ಇದೆ ಅಂತ ಸುಳ್ಳು ಹೇಳುತ್ತದೆ. ಪಾಪ, ಇಸಿಯು ನಂಬಿ ಇನ್ನಷ್ಟು ಬೂಸ್ಟ್ ಕೊಡುತ್ತದೆ. ಸಾಫ್ಟ್‌ವೇರ್ ಕೆಲಸದವನಾಗಿ ನನಗೆ ಹೆದರಿಕೆ ಇಲ್ಲೇ. ಎಂಜಿನ್ನಿನ ಎಲ್ಲ ರಕ್ಷಣೆಯೂ ಸೆನ್ಸರ್ ಹೇಳುವ ನಿಜದ ಮೇಲೆ ನಿಂತಿದೆ. ಅಳತೆಯೇ ಸುಳ್ಳಾದರೆ ಕಾವಲುಗಾರ ಎಚ್ಚರ ಇದ್ದೂ ಏನು ಪ್ರಯೋಜನ?

ನನ್ನ ಗೆಳೆಯನೊಬ್ಬನ ಕಾರಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಬಾಕ್ಸ್ ಹಾಕಿಸಿ ನಾಲ್ಕು ತಿಂಗಳು ಕಾರು ಹುಲಿಯಂತೆ ಓಡಿತು. ಏಪ್ರಿಲ್ ಬಿಸಿಲಿನಲ್ಲಿ ಗೋವಾದಿಂದ ವಾಪಸ್ ಬರುವಾಗ ಘಾಟ್ ಏರಿ ಕಣಕುಂಬಿ ಹತ್ತಿರ ಎಂಜಿನ್ ನಡುಗಲು ಶುರುವಾಯಿತು, ಹಿಂದೆ ನೀಲಿ ಹೊಗೆ. ಬಿಚ್ಚಿ ನೋಡಿದಾಗ ಮೂರನೇ ಸಿಲಿಂಡರಿನ ಪಿಸ್ಟನ್ ಅಂಚು ಮುರಿದಿತ್ತು. ಬಿಲ್ಲು ಎರಡು ಲಕ್ಷ ದಾಟಿತು, ವಾರಂಟಿ ಸಿಗಲಿಲ್ಲ. ಆ ದುಡ್ಡು ಅವನ ತಂಗಿಯ ಮದುವೆಗೆ ಅಂತ ಮನೆಯವರು ತೆಗೆದಿಟ್ಟದ್ದು. ಅವತ್ತು ಅವರ ಅವ್ವ ಒಂದೇ ಮಾತು ಕೇಳಿದ್ದರು: “ಗಾಡಿ ಮೊದಲ ನೆಟ್ಟಗs ಓಡತಿತ್ತಲ್ಲಪಾ?”

ಈ ಕಥೆ ಕೇಳಿದ ಮೇಲೆ ಕಾಕಾನ ಮಗ ಸಾಲದ ಕಂತು ಮುಗಿಯೋ ತನಕ ಆ ಮಾತು ಎತ್ತೂದಿಲ್ಲ ಅಂದ. ಕಂತು ಇನ್ನೂ ನಾಲ್ಕು ವರ್ಷ ಇದೆ.

ಕಾಯ್ದೆಯನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನ ಮಾರ್ಪಡಿಸುವಂತಿಲ್ಲ. ವಿಮೆ ಕ್ಲೇಮಿಗೂ ಇದು ತೊಡಕಾಗಬಹುದು.

ಹಾಗಾದ್ರೆ ಏನು ಮಾಡೋಣ?

ಕಂಪನಿ ಕೊಟ್ಟ ಬೂಸ್ಟ್ ಪೂರ್ತಿ ಸಿಗೋ ಹಾಗೆ ನೋಡಿಕೊಂಡರೆ ಸಾಕು. ಎಷ್ಟೋ ಕಾರುಗಳಲ್ಲಿ ಅದೇ ಸಿಗುತ್ತಿರೋದಿಲ್ಲ.

* ಏರ್ ಫಿಲ್ಟರ್ ಸಮಯಕ್ಕೆ ಬದಲಿಸಿ. ಇಂಟರ್‌ಕೂಲರ್ ಪೈಪಿನ ಕ್ಲ್ಯಾಂಪ್ ಸಡಿಲ ಇದೆಯೇ ನೋಡಿಸಿ. ಸಣ್ಣ ಸೋರಿಕೆ ಇದ್ದರೂ ಟರ್ಬೊ ಸುಮ್ಮನೆ ಹೆಚ್ಚು ದುಡಿಯುತ್ತದೆ.
* ಮ್ಯಾನ್ಯುಯಲ್‌ನಲ್ಲಿ ಹೇಳಿದ ದರ್ಜೆಯ ಎಂಜಿನ್ ಆಯಿಲ್ಲನ್ನೇ ಹಾಕಿಸಿ. ಟರ್ಬೊ ಶಾಫ್ಟ್ ತೇಲುವುದೇ ಆಯಿಲ್ ಮೇಲೆ.
* ದೊಡ್ಡ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಿಡಿಗಿಂತ ಮೊದಲೇ ಸಿಡಿಯುವ ತೊಂದರೆ ಹೆಚ್ಚು ಬರುವುದು ಹೀಗೇ. ಘಾಟಿನಲ್ಲಿ ಒಂದು ಗೇರ್ ಇಳಿಸಿ.
* ಘಾಟ್ ಏರಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ನಿಧಾನ ಓಡಿಸಿ, ಇಲ್ಲವೇ ಐಡಲ್‌ನಲ್ಲಿ ಬಿಡಿ. ಟರ್ಬೊ ತಣಿಯಲಿ.
* ಟಯರ್ ಮತ್ತು ಬ್ರೇಕಿಗೆ ಖರ್ಚು ಮಾಡಿ. ಮಳೆಗಾಲದ ಜಾಂಬೋಟಿ ರೋಡಿನಲ್ಲಿ 20 ಪಿಎಸ್ ಹೆಚ್ಚಿಗಿನ ಶಕ್ತಿಗಿಂತ ಒಳ್ಳೆ ಟಯರೇ ಕೈಹಿಡಿಯೋದು.

ಇಷ್ಟೆಲ್ಲ ಕೇಳಿಯೂ ಬೂಸ್ಟ್ ಏರಿಸಲೇಬೇಕು ಅನ್ನುವವರು ಕೆಲಸ ಮಾಡಿಸುವ ಮೊದಲು ಟ್ಯೂನರ್ ಹತ್ತಿರ ಮೂರು ಪ್ರಶ್ನೆ ಕೇಳಿ: ಇದೇ ಎಂಜಿನ್ನಿನ ನಾಕ್ ಮತ್ತು ಗಾಳಿ-ಇಂಧನ ಅನುಪಾತದ ದಾಖಲೆ ತೋರಿಸ್ತೀರಾ? ಬೇಸಿಗೆಯ ಬಿಸಿಗೆ, ನಮ್ಮ ಬಂಕಿನ ಪೆಟ್ರೋಲಿಗೆ ಲೆಕ್ಕ ಹಿಡಿದಿದ್ದೀರಾ? ಎಂಜಿನ್ ಹೋದರೆ ಖರ್ಚು ಯಾರದು? ಮೂರನೇ ಪ್ರಶ್ನೆಗೆ ಬರೆದುಕೊಟ್ಟ ಉತ್ತರ ಸಿಗದಿದ್ದರೆ, ಖರ್ಚು ನಿಮ್ಮದೇ ಅಂತ ತಿಳಿದುಕೊಳ್ಳಿ.