ಕೊಳಚೆ ನೀರಿನ ಸಂಸ್ಕರಣೆ ಮತ್ತು ಮಲಪ್ರಭಾ ನದಿ

ಮಲಪ್ರಭಾ ನದಿಯು ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲು, ಹುನಗುಂದ ತಾಲ್ಲೂಕಿನ ಐಹೊಳೆಗಳ ಮೂಲಕ ಹರಿದು ಕೂಡಲಸಂಗಮದಲ್ಲಿ ಕೃಷ್ಣಾ ನದಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹರಿವು ಕ್ಷೀಣಿಸಿದಾಗ ಹಳ್ಳಗಳಿಂದ ಬರುವ ಅಲ್ಪ ಕೊಳಚೆಯೂ ನದಿಗೆ ಹಾನಿಕರ. ಕೊಳಚೆಯನ್ನು ವಿಘಟಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಮೀನುಗಳು ಸಾಯುತ್ತವೆ. ಸ್ನಾನಯೋಗ್ಯ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು; ಕರಗಿದ ಆಮ್ಲಜನಕವು 5 ಮಿಲಿಗ್ರಾಂಗಿಂತ ಕಡಿಮೆಯಿರಬಾರದು.

ಬಿಸಿಲು ಹೆಚ್ಚಿರುವ ಈ ಭಾಗದ ಸಣ್ಣ ಊರುಗಳಿಗೆ ಆಳವಿಲ್ಲದ ಸಂಸ್ಕರಣಾ ಕೊಳಗಳು ಸೂಕ್ತ. ಪಾಚಿಯು ಸೂರ್ಯನ ಬೆಳಕಿನಲ್ಲಿ ಆಮ್ಲಜನಕ ಒದಗಿಸುವುದರಿಂದ ಗಾಳಿಯೂಡಲು ವಿದ್ಯುತ್ ಬೇಕಿಲ್ಲ. ಆದರೆ ಬಣ್ಣದ ನೀರು ಬೆಳಕನ್ನು ತಡೆಯುತ್ತದೆ. ಆದ್ದರಿಂದ ಇಳಕಲ್‌ನಂತಹ ನೇಕಾರಿಕೆಯ ಊರುಗಳಲ್ಲಿ ನೂಲಿಗೆ ಬಣ್ಣ ಹಾಕಿದ ನೀರನ್ನು ಚರಂಡಿಗೆ ಬಿಡದೆ ಪ್ರತ್ಯೇಕವಾಗಿ ಸಂಸ್ಕರಿಸುವುದು ಅವಶ್ಯಕ.