ಸೇವಾ ಕೇಂದ್ರದ ಗಣಕಯಂತ್ರಗಳ ನಡುವೆ ಕಡತ ಹಂಚಿಕೆಯಾಗದಿದ್ದಲ್ಲಿ: ಸಾರ್ವಜನಿಕರಿಗೆ ಮಾಹಿತಿ

ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳನ್ನು ಕೋರಿ ಗ್ರಾಮ ಮಟ್ಟದ ಸೇವಾ ಕೇಂದ್ರಗಳಿಗೆ ತೆರಳುವ ಅರ್ಜಿದಾರರಿಗೆ ಕೆಲವೊಮ್ಮೆ "ದಾಖಲೆ ಸ್ಕ್ಯಾನ್ ಆಗಿದೆ, ಆದರೆ ಈ ಯಂತ್ರದಲ್ಲಿ ಕಾಣುತ್ತಿಲ್ಲ" ಎಂಬ ಉತ್ತರ ದೊರೆಯುವುದುಂಟು. ಸಾಮಾನ್ಯವಾಗಿ ಕೇಳಿಬರುವ "ಸರ್ವರ್ ಇಲ್ಲ" ಎಂಬ ಮಾತಿಗೂ ಇದಕ್ಕೂ ವ್ಯತ್ಯಾಸವಿದೆ. ರಾಜ್ಯ ಮಟ್ಟದ ಸರ್ವರ್ ಸ್ಥಗಿತಗೊಂಡಲ್ಲಿ ಕೇಂದ್ರದವರು ಮಾಡಬಹುದಾದುದು ಏನೂ ಇರುವುದಿಲ್ಲ. ಆದರೆ ಒಂದೇ ಕೊಠಡಿಯೊಳಗಿನ ಎರಡು ಗಣಕಯಂತ್ರಗಳ ನಡುವೆ ಕಡತ ಹಂಚಿಕೆಯಾಗದಿರುವುದು ಆ ಕೊಠಡಿಯಲ್ಲಿಯೇ, ಬಹುಪಾಲು ಅರ್ಧ ಗಂಟೆಯೊಳಗೆ, ಪರಿಹಾರವಾಗಬಲ್ಲ ತೊಂದರೆ. ಇದರ ಕಾರಣಗಳನ್ನೂ ಪರಿಶೀಲನಾ ಕ್ರಮವನ್ನೂ ಅರ್ಜಿದಾರರ ಹಾಗೂ ಕೇಂದ್ರ ನಡೆಸುವವರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಅರ್ಜಿದಾರರು ಮೊದಲು ತಿಳಿಯಬೇಕಾದುದು

ಉದಾಹರಣೆಗೆ, ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿ ಗ್ರಾಮದ ದ್ರಾಕ್ಷಿ ಬೆಳೆಗಾರರೊಬ್ಬರು ಮಗಳ ವಿದ್ಯಾರ್ಥಿವೇತನಕ್ಕೆ ಅಗತ್ಯವಾದ ಆದಾಯ ಪ್ರಮಾಣಪತ್ರಕ್ಕಾಗಿ, ಒಂದು ದಿನದ ತೋಟದ ಕೆಲಸ ಬಿಟ್ಟು, ಕೇಂದ್ರವೊಂದಕ್ಕೆ ಬಂದಿದ್ದಾರೆಂದು ಭಾವಿಸಬಹುದು. ದಾಖಲೆಗಳನ್ನು ಒಂದು ಯಂತ್ರದಲ್ಲಿ ಸ್ಕ್ಯಾನ್ ಮಾಡಲಾಗುತ್ತದೆ. ಅರ್ಜಿಯನ್ನು ಇನ್ನೊಂದು ಯಂತ್ರದಲ್ಲಿ ತುಂಬಲಾಗುತ್ತದೆ. ಮಧ್ಯೆ ಕಡತ ದಾಟಲಿಲ್ಲ. "ನೀವು ಹೋಗಿ, ಸಂಜೆ ಹಾಕುತ್ತೇವೆ" ಎನ್ನಲಾಗುತ್ತದೆ. ಕೆಲಸವಾಯಿತೆಂದು ಅವರು ಊರಿಗೆ ಮರಳುತ್ತಾರೆ.

ವಾಸ್ತವದಲ್ಲಿ ಅರ್ಜಿ ಇನ್ನೂ ಸಲ್ಲಿಕೆಯಾಗಿರುವುದಿಲ್ಲ. ಕೇಂದ್ರದ ಯಂತ್ರದಲ್ಲಿ ಉಳಿದಿರುವ ಸ್ಕ್ಯಾನ್ ಪ್ರತಿಯು, ಕಿರ್ದಿಯಲ್ಲಿ ಬರೆದು ಖಾತೆಗೆ ಏರಿಸದ ನಮೂದಿನಂತೆ, ಲೆಕ್ಕಕ್ಕೆ ಬಾರದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ನಿಗದಿತ ಕಾಲಮಿತಿಯ ಎಣಿಕೆಯೂ, ವಿಳಂಬವಾದಲ್ಲಿ ದಿನವೊಂದಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗಿನ ಪರಿಹಾರ ವೆಚ್ಚವನ್ನು ಕೇಳುವ ಹಕ್ಕೂ ಈ ಸ್ವೀಕೃತಿಯನ್ನೇ ಅವಲಂಬಿಸಿವೆ. ಆದ್ದರಿಂದ ಅರ್ಜಿದಾರರು ಸಂಖ್ಯೆಯನ್ನು ಪಡೆಯದೆ ಕೇಂದ್ರದಿಂದ ಹೊರಡಬಾರದೆಂದು ಕೋರಲಾಗಿದೆ.

ಜಾಲವು ಸರಿಯಾಗುವವರೆಗೆ ಅರ್ಜಿದಾರರನ್ನು ಕಾಯಿಸುವ ಅಗತ್ಯವೂ ಇಲ್ಲ. ಕಡತವನ್ನು ಪೆನ್ ಡ್ರೈವ್‌ಗೆ ನಕಲಿಸಿ, ವೈರಸ್ ಪರೀಕ್ಷೆ ನಡೆಸಿ, ಇನ್ನೊಂದು ಯಂತ್ರಕ್ಕೆ ವರ್ಗಾಯಿಸಿ ಅರ್ಜಿಯನ್ನು ಪೂರ್ಣಗೊಳಿಸಬಹುದು. ದೋಷ ಹುಡುಕುವ ಕಾರ್ಯ ಅನಂತರದ್ದು.

ಪರಿಶೀಲನೆಯ ಕ್ರಮ

ಸಣ್ಣ ಕೇಂದ್ರಗಳಲ್ಲಿ ಗಣಕಯಂತ್ರಗಳನ್ನು ಒಂದೇ ಬಾರಿಗೆ ಖರೀದಿಸಿರುವುದಿಲ್ಲ. ವಿಂಡೋಸ್ 7 ಇರುವ ಹಳೆಯ ಯಂತ್ರ, ವಿಂಡೋಸ್ 11 ಇರುವ ಹೊಸದು, ಕಡತಗಳನ್ನು ಸಂಗ್ರಹಿಸಲು ಉಬುಂಟು ಲಿನಕ್ಸ್ ಅಳವಡಿಸಿದ ಮತ್ತೊಂದು, ಇವುಗಳ ಜೊತೆಗೆ ಸ್ಕ್ಯಾನ್ ಸೌಲಭ್ಯವುಳ್ಳ ಹಳೆಯ ಜೆರಾಕ್ಸ್ ಯಂತ್ರ, ಹೀಗೆ ಮಿಶ್ರ ಜಾಲ ಏರ್ಪಟ್ಟಿರುತ್ತದೆ. ಇಂತಹ ಜಾಲದಲ್ಲಿ ತೊಂದರೆ ಕಂಡಾಗ ಎಲ್ಲ ಸೆಟ್ಟಿಂಗ್‌ಗಳನ್ನು ಒಮ್ಮೆಲೇ ಬದಲಾಯಿಸುವುದು ಸರಿಯಲ್ಲ. ಯಾವ ಬದಲಾವಣೆಯಿಂದ ಸರಿಹೋಯಿತೆಂಬುದು ತಿಳಿಯದೆ, ಮುಂದಿನ ಬಾರಿ ಅದೇ ಪರದಾಟ ಮರುಕಳಿಸುತ್ತದೆ.

ಮೊದಲಿಗೆ, ಕಡತವಿರುವ ಯಂತ್ರ ಎಚ್ಚರವಾಗಿದೆಯೇ ಎಂದು ನೋಡಬೇಕು. ಕೆಲ ಹೊತ್ತು ಬಳಸದಿದ್ದಲ್ಲಿ ಯಂತ್ರವು ನಿದ್ರಾಸ್ಥಿತಿಗೆ ಜಾರುತ್ತದೆ. ಹಂಚಿಕೆಯ ಫೋಲ್ಡರ್ ಅದರೊಂದಿಗೆ ಮರೆಯಾಗುತ್ತದೆ. ಮಧ್ಯಾಹ್ನದ ಊಟದ ನಂತರ ಮಾತ್ರ ಕಾಣಿಸಿಕೊಳ್ಳುವ ತೊಂದರೆಗೆ ಬಹುಶಃ ಇದೇ ಕಾರಣ.

ಅನಂತರ ಎರಡೂ ಯಂತ್ರಗಳು ಒಂದೇ ಜಾಲದಲ್ಲಿವೆಯೇ ಎಂಬುದನ್ನು ಪರಿಶೀಲಿಸಬೇಕು. ಒಂದು ಯಂತ್ರ ರೂಟರ್‌ಗೂ ಮತ್ತೊಂದು ಮೊಬೈಲ್ ಹಾಟ್‌ಸ್ಪಾಟ್‌ಗೂ ಸೇರಿದ್ದಲ್ಲಿ ಎರಡರಲ್ಲಿಯೂ ಅಂತರ್ಜಾಲ ದೊರೆಯುತ್ತದೆ, ಆದರೆ ಅವು ಪರಸ್ಪರ ಕಾಣವು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಆಜ್ಞೆಯಿಂದ ಯಂತ್ರದ ಐಪಿ ವಿಳಾಸ ತಿಳಿಯುತ್ತದೆ. ಒಂದರ ವಿಳಾಸ 192.168.1.5 ಎಂದೂ ಇನ್ನೊಂದರದು 192.168.43.20 ಎಂದೂ ಇದ್ದಲ್ಲಿ ಅವು ಬೇರೆ ಬೇರೆ ಜಾಲಗಳಲ್ಲಿರುವ ಸಾಧ್ಯತೆ ಹೆಚ್ಚು. ವಿಳಾಸವು 169.254 ಎಂದು ಆರಂಭವಾದಲ್ಲಿ ಯಂತ್ರಕ್ಕೆ ರೂಟರ್‌ನಿಂದ ವಿಳಾಸವೇ ದೊರೆತಿಲ್ಲವೆಂದು ತಿಳಿಯಬೇಕು. ತಂತಿಯನ್ನೂ ರೂಟರನ್ನೂ ಪರಿಶೀಲಿಸಬೇಕು. ರೂಟರ್‌ನ ಅತಿಥಿ ವೈಫೈಗೆ ಸೇರಿದ ಯಂತ್ರಗಳನ್ನು ಉಳಿದವುಗಳಿಂದ ಬೇರ್ಪಡಿಸಿರುವುದು ವಾಡಿಕೆ ಎಂಬುದನ್ನೂ ಗಮನಿಸಬೇಕು.

ವಿದ್ಯುತ್ ಕಡಿತದ ನಂತರ ಸಂಪರ್ಕ ತಪ್ಪುವುದಕ್ಕೆ ಪ್ರತ್ಯೇಕ ಕಾರಣವಿದೆ. ರೂಟರ್ ಪುನಃ ಆರಂಭವಾದಾಗ ಯಂತ್ರಗಳಿಗೆ ಹೊಸ ವಿಳಾಸಗಳನ್ನು ನೀಡಬಹುದು. ನಿನ್ನೆ 5 ಇದ್ದುದು ಇಂದು 8 ಆಗಬಹುದು. ಹಳೆಯ ವಿಳಾಸಕ್ಕೆ ಮಾಡಿಟ್ಟ ಶಾರ್ಟ್‌ಕಟ್ ಆಗ ಕೆಲಸಕ್ಕೆ ಬಾರದು. ಕಡತ ಸಂಗ್ರಹಿಸುವ ಯಂತ್ರಕ್ಕೆ ರೂಟರ್‌ನಲ್ಲಿ ಖಾಯಂ ವಿಳಾಸ ಕಾಯ್ದಿರಿಸಿದಲ್ಲಿ ಈ ತೊಂದರೆ ನಿವಾರಣೆಯಾಗುತ್ತದೆ. ಹೊಸ ರೂಟರ್ ಅಳವಡಿಸಿದಾಗ ವಿಂಡೋಸ್ ಅದನ್ನು ಅಪರಿಚಿತ ಜಾಲವೆಂದು ಪರಿಗಣಿಸಿ, ಸಾರ್ವಜನಿಕ ವರ್ಗಕ್ಕೆ ಸೇರಿಸಿ, ಹಂಚಿಕೆಯನ್ನು ತಡೆಯುವುದುಂಟು. ಜಾಲವು ಕೇಂದ್ರದ್ದೇ ಎಂದು ಖಚಿತವಿದ್ದಲ್ಲಿ ಅದನ್ನು ಖಾಸಗಿ ವರ್ಗಕ್ಕೆ ಬದಲಾಯಿಸಬೇಕು. ಫೈರ್‌ವಾಲನ್ನು ಪೂರ್ಣವಾಗಿ ನಿಷ್ಕ್ರಿಯಗೊಳಿಸುವುದು ಪರಿಹಾರವಲ್ಲ.

ಪಟ್ಟಿಯಲ್ಲಿ ಯಂತ್ರದ ಹೆಸರು ಕಾಣದ ಮಾತ್ರಕ್ಕೆ ಸಂಪರ್ಕವಿಲ್ಲವೆಂದು ತೀರ್ಮಾನಿಸಬಾರದು. ವಿಂಡೋಸ್‌ನ 'ನೆಟ್‌ವರ್ಕ್' ಪಟ್ಟಿಯಲ್ಲಿ ಲಿನಕ್ಸ್ ಯಂತ್ರಗಳು ಅನೇಕ ಬಾರಿ ಕಾಣಿಸಿಕೊಳ್ಳುವುದಿಲ್ಲ. ವಿಳಾಸ ಪಟ್ಟಿಕೆಯಲ್ಲಿ ಎರಡು ಹಿಂಓರೆಗೆರೆಗಳನ್ನು ಹಾಕಿ, ಮುಂದೆ ಐಪಿ ವಿಳಾಸವನ್ನು ನೇರವಾಗಿ ನಮೂದಿಸಿದಲ್ಲಿ ಫೋಲ್ಡರ್ ತೆರೆದುಕೊಳ್ಳುತ್ತದೆ.

ಫೋಲ್ಡರ್ ಕಂಡರೂ ಪ್ರವೇಶ ನಿರಾಕರಿಸಲ್ಪಟ್ಟಲ್ಲಿ ಬಳಕೆದಾರರ ಹೆಸರು ಮತ್ತು ಗುಪ್ತಪದದತ್ತ ಗಮನ ಹರಿಸಬೇಕು. ವಿಂಡೋಸ್ ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕಷ್ಟೇ ಸೀಮಿತ. ಜಾಲದ ಮೂಲಕ ಪ್ರವೇಶಿಸಲು ಗುಪ್ತಪದವೇ ಬೇಕು. ಗುಪ್ತಪದವೇ ಇಲ್ಲದ ಖಾತೆಗೆ ಜಾಲದ ಮೂಲಕ ಪ್ರವೇಶ ದೊರೆಯುವುದಿಲ್ಲ. ಲಿನಕ್ಸ್‌ನಲ್ಲಿ ಈ ಕಾರ್ಯ ನಿರ್ವಹಿಸುವ ಸಾಂಬಾ ತಂತ್ರಾಂಶಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಗುಪ್ತಪದ ನಿಗದಿಪಡಿಸಬೇಕಾಗುತ್ತದೆ. ಕಡತ ತೆರೆಯುತ್ತದೆ, ಆದರೆ ಉಳಿಸಲಾಗುತ್ತಿಲ್ಲವೆಂದರೆ ಓದುವ ಅನುಮತಿ ಮಾತ್ರ ಇದೆಯೆಂದು ಅರ್ಥ. ವಿಂಡೋಸ್‌ನಲ್ಲಿ ಹಂಚಿಕೆಯ ಅನುಮತಿ, ಫೋಲ್ಡರ್‌ನ ಅನುಮತಿ ಎಂದು ಎರಡಿದ್ದು, ಎರಡರಲ್ಲಿ ಬಿಗಿಯಾದುದೇ ಅನ್ವಯವಾಗುತ್ತದೆ.

ಹಳೆಯ ಯಂತ್ರಗಳ ಪ್ರಶ್ನೆ

ಗಣಕಯಂತ್ರಗಳು ಕಡತ ಹಂಚಿಕೊಳ್ಳಲು ಎಸ್‌ಎಂಬಿ ಎಂಬ ನಿಯಮಾವಳಿಯನ್ನು ಬಳಸುತ್ತವೆ. ಇದನ್ನು ಯಂತ್ರಗಳ ನಡುವಿನ ಭಾಷೆಯೆಂದು ತಿಳಿಯಬಹುದು. ವಿಂಡೋಸ್ ಎಕ್ಸ್‌ಪಿ ಹಾಗೂ ಅನೇಕ ಹಳೆಯ ಸ್ಕ್ಯಾನ್-ಜೆರಾಕ್ಸ್ ಯಂತ್ರಗಳಿಗೆ ಅದರ ಮೊದಲ ಆವೃತ್ತಿ ಮಾತ್ರ ತಿಳಿದಿದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಲಾರಂಭಿಸಿದ ವಾನಾಕ್ರೈ ಎಂಬ ಕುತಂತ್ರಾಂಶವು ವಿಂಡೋಸ್‌ನಲ್ಲಿದ್ದ ಇದೇ ಆವೃತ್ತಿಯ ದೋಷವನ್ನು ಬಳಸಿ, ಕಡತಗಳನ್ನು ತೆರೆಯಲಾಗದಂತೆ ಮಾಡಿ ಹಣದ ಬೇಡಿಕೆ ಇಟ್ಟಿತ್ತು. ಅದೇ ವರ್ಷದ ಅಕ್ಟೋಬರ್‌ನ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಎಸ್‌ಎಂಬಿ ಮೊದಲ ಆವೃತ್ತಿಯನ್ನು ಕೈಬಿಡುತ್ತ ಬಂದಿತು. 2019ರಲ್ಲಿ ಸಾಂಬಾ 4.11 ಸಹ ಅದನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿತು.

ಆದುದರಿಂದ ಹೊಸ ಗಣಕಯಂತ್ರ ತಂದ ದಿನದಿಂದ ಜೆರಾಕ್ಸ್ ಯಂತ್ರದ ಸ್ಕ್ಯಾನ್ ಪ್ರತಿ ಬಂದು ಸೇರದಿದ್ದಲ್ಲಿ ಆಶ್ಚರ್ಯಪಡಬೇಕಾಗಿಲ್ಲ. ನಿಷೇಧಿತ ಮೊದಲ ಆವೃತ್ತಿಯನ್ನು ಹೊಸ ಯಂತ್ರದಲ್ಲಿ ಪುನಃ ಸಕ್ರಿಯಗೊಳಿಸುವುದು ಸುಲಭ, ಆದರೆ ಅಪಾಯಕಾರಿ. ಬಾಗಿಲಿಗೆ ಬೀಗ ಹೊಂದಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಅದು. ತಯಾರಕರಿಂದ ಜೆರಾಕ್ಸ್ ಯಂತ್ರದ ತಂತ್ರಾಂಶ ಪರಿಷ್ಕರಣೆ ಲಭ್ಯವಿದೆಯೇ ಎಂದು ವಿಚಾರಿಸಬೇಕು. ಇಲ್ಲವಾದಲ್ಲಿ ಸ್ಕ್ಯಾನ್ ಪ್ರತಿಯನ್ನು ಪೆನ್ ಡ್ರೈವ್‌ನಲ್ಲಿ ಉಳಿಸುವ ಕ್ರಮಕ್ಕೆ ಬದಲಾಗಬೇಕು. ತುಸು ನಿಧಾನವಾದರೂ ಇದೇ ಮೇಲು.

ಗುಪ್ತಪದವಿಲ್ಲದೆ ಎಲ್ಲರಿಗೂ ತೆರೆದಿಟ್ಟ ಫೋಲ್ಡರ್‌ಗಳಿಗೂ ಇದೇ ಬಗೆಯ ಅಡಚಣೆ ಉಂಟಾಗುತ್ತದೆ. 2024ರಲ್ಲಿ ಬಿಡುಗಡೆಯಾದ ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯು ಇಂತಹ ಅತಿಥಿ ಪ್ರವೇಶವನ್ನು ಒಪ್ಪುವುದಿಲ್ಲ. ಪರಿಷ್ಕರಣೆಯ ಮರುದಿನವೇ ಫೋಲ್ಡರ್ ತೆರೆಯದಿದ್ದಲ್ಲಿ ಕಡತ ಸಂಗ್ರಹಿಸುವ ಯಂತ್ರದಲ್ಲಿ ಬಳಕೆದಾರರ ಹೆಸರು, ಗುಪ್ತಪದಗಳನ್ನು ನಿಗದಿಪಡಿಸುವುದು ಸರಿಯಾದ ಮಾರ್ಗ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಬೆಂಬಲ ಮುಕ್ತಾಯಗೊಂಡಿದೆ ಎಂಬುದನ್ನು ಕೇಂದ್ರ ನಡೆಸುವವರು ಗಮನದಲ್ಲಿರಿಸಬೇಕು.

ತೆರೆದರೂ ಓದಲಾಗದ ಕಡತ

ಕಡತ ಬಂದಿದೆ, ತೆರೆದಿದೆ, ಆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ ಎಂಬುದು ಜಾಲದ ದೋಷವಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತವು ಆ ಅಕ್ಷರ ವಿನ್ಯಾಸವಿಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತದೆ. ಕಡತವನ್ನು ಹಾಳಾಗಿದೆಯೆಂದು ಅಳಿಸದೆ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಅರ್ಜಿದಾರರು ಮನೆಯಲ್ಲಿ ಸಿದ್ಧಪಡಿಸಿ ತರುವ ಮನವಿಪತ್ರಗಳನ್ನು ಯೂನಿಕೋಡ್‌ನಲ್ಲಿ ಅಥವಾ ಪಿಡಿಎಫ್ ರೂಪದಲ್ಲಿ ತರುವುದು ಸೂಕ್ತ.

ಕಡತದ ಹೆಸರೂ ತೊಂದರೆ ನೀಡಬಲ್ಲದು. ಪ್ರಶ್ನಾರ್ಥಕ ಚಿಹ್ನೆ, ಓರೆಗೆರೆ, ವಿವರಣ ಚಿಹ್ನೆಗಳನ್ನು ವಿಂಡೋಸ್ ಒಪ್ಪದು. ದಿನಾಂಕ ಸೇರಿಸುವುದಾದರೆ ಅಡ್ಡಗೆರೆ ಬಳಸಬೇಕು.

ಅರ್ಜಿದಾರರ ದಾಖಲೆಗಳ ಸುರಕ್ಷತೆ

ಹಂಚಿಕೆಯ ಫೋಲ್ಡರ್‌ನಲ್ಲಿರುವುದು ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳು. ತೊಂದರೆ ನಿವಾರಣೆಗಾಗಿ ಎಲ್ಲರಿಗೂ ಪೂರ್ಣ ಅನುಮತಿ ನೀಡಿ, ಅನಂತರ ಮರೆತುಬಿಟ್ಟಲ್ಲಿ, ಕೇಂದ್ರದ ವೈಫೈ ಗುಪ್ತಪದ ತಿಳಿದ ಯಾರಾದರೂ ಮೊಬೈಲ್‌ನಿಂದಲೇ ಅವುಗಳನ್ನು ನಕಲಿಸಿಕೊಳ್ಳಬಹುದು. ಆದುದರಿಂದ ಗ್ರಾಹಕರಿಗೆ ವೈಫೈ ನೀಡುವುದಿದ್ದಲ್ಲಿ ಅತಿಥಿ ಜಾಲವನ್ನು ಮಾತ್ರ ನೀಡಬೇಕು. ಸ್ವೀಕೃತಿ ದೊರೆತ ನಂತರ ತಮ್ಮ ಸ್ಕ್ಯಾನ್ ಪ್ರತಿಗಳನ್ನು ಕೇಂದ್ರದ ಯಂತ್ರಗಳಿಂದಲೂ, ತುರ್ತಿಗೆ ಬಳಸಿದ ಪೆನ್ ಡ್ರೈವ್‌ನಿಂದಲೂ ಅಳಿಸುವಂತೆ ಕೇಳಲು ಅರ್ಜಿದಾರರು ಸಂಕೋಚಪಡಬೇಕಾಗಿಲ್ಲ. ಮೂಲ ದಾಖಲೆಗಳನ್ನು ಯಾವ ಕಾರಣಕ್ಕೂ ಕೇಂದ್ರದಲ್ಲಿ ಬಿಟ್ಟು ಬರಬಾರದು.