ವಿಶಿಷ್ಟ ಪ್ರಯೋಜನದ ರೇಡಿಯೋ ಉಪಕರಣಗಳ ನಿರ್ಮಾಣ: ‘ಸಾರಸ್’ ಒಂದು ನಿದರ್ಶನ

ಕೃತಿಯೊಂದರ ಶುದ್ಧ ಪಾಠವನ್ನು ನಿರ್ಣಯಿಸುವ ಮುನ್ನ ಲಿಪಿಕಾರನ ಸ್ಖಾಲಿತ್ಯಗಳ ಸ್ವರೂಪವನ್ನು ಅರಿಯಬೇಕೆಂಬುದು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಸುವಿದಿತ. ಲಿಪಿಕಾರನು ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದೇ ಕ್ರಮದಲ್ಲಿ ವ್ಯತ್ಯಾಸಗೊಳಿಸಿದ್ದರೆ ಆ ದೋಷವನ್ನು ಪರಿಹರಿಸುವುದು ಕಷ್ಟವಲ್ಲ. ಅವನ ತಪ್ಪು ಅರ್ಥವತ್ತಾದ ಪಾಠಾಂತರದಂತೆಯೇ ಕಾಣುವಲ್ಲಿ ಮಾತ್ರ ಸಂಪಾದಕನು ಮೋಸಹೋಗುವ ಸಂಭವವುಂಟು. ವಿಶಿಷ್ಟ ಪ್ರಯೋಜನಕ್ಕಾಗಿ ರೇಡಿಯೋ ಉಪಕರಣಗಳನ್ನು ಮಾಡಿಸುವವರ ಮುಂದೆಯೂ ಇಂಥದೇ ಸಮಸ್ಯೆಯಿದೆ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ರೂಪುಗೊಂಡ ‘ಸಾರಸ್’ ಎಂಬ ಉಪಕರಣವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ಆಂಟೆನಾ, ವರ್ಧಕ, ಗ್ರಾಹಕ ಮುಂತಾದವು ಬಹುಜನರ ಸಾಮಾನ್ಯ ಬಳಕೆಗೆಂದು ರಚಿತವಾದವು. ಸಂಕೇತವನ್ನು ಆದಷ್ಟು ಪ್ರಬಲವಾಗಿ ಹಿಡಿಯುವುದೇ ಅವುಗಳ ಗುರಿ. ಆದರೆ ಕೆಲವು ಶೋಧಗಳಲ್ಲಿ ಪ್ರಾಬಲ್ಯಕ್ಕಿಂತ ಉಪಕರಣದ ಸ್ವಂತ ದೋಷವು ಯಾವ ಆಕಾರದ್ದೆಂಬುದೇ ಮುಖ್ಯವಾಗುತ್ತದೆ. ಅಂಥಲ್ಲಿ ಉಪಕರಣವನ್ನು ಮೊದಲಿನಿಂದ ಹೊಸದಾಗಿಯೇ ಮಾಡಿಸಬೇಕಾಗುತ್ತದೆ.

ಜಲಜನಕದ ಪರಮಾಣುಗಳು ಸುಮಾರು 1420 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, ಎಂದರೆ 21 ಸೆಂಟಿಮೀಟರು ಉದ್ದದ ಅಲೆಯಾಗಿ, ರೇಡಿಯೋ ತರಂಗವನ್ನು ಸೂಸುತ್ತವೆ ಇಲ್ಲವೆ ಹೀರುತ್ತವೆ. ಈ ತರಂಗವನ್ನು 1951ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಯೂಯೆನ್ ಮತ್ತು ಪರ್ಸೆಲ್ ಅವರು ಅದಕ್ಕೆಂದೇ ನಿರ್ಮಿಸಿದ ಕೊಂಬಿನಾಕಾರದ ಆಂಟೆನಾದಿಂದ ಮೊದಲು ಗುರುತಿಸಿದರು. ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಜಲಜನಕದ ತರಂಗಗಳು ವಿಶ್ವದ ವಿಸ್ತರಣದಿಂದಾಗಿ ಹಲವು ಪಟ್ಟು ಹಿಗ್ಗಿ ಇಂದು 100 ಮೆಗಾಹರ್ಟ್ಸ್‌ಗೂ ಕೆಳಗಿನ ಕಂಪನಾಂಕಗಳಲ್ಲಿ ದೊರೆಯಬೇಕೆಂಬುದು ವಿಜ್ಞಾನಿಗಳ ನಿರೀಕ್ಷೆ. ಆದರೆ ಅದೇ ಕಂಪನಾಂಕಗಳಲ್ಲಿ ನಮ್ಮ ಆಕಾಶಗಂಗೆಯ ರೇಡಿಯೋ ಕೋಲಾಹಲವು ಸಾವಿರ ಕೆಲ್ವಿನ್ನಿಗೂ ಮಿಕ್ಕಿದ ಉಷ್ಣತೆಗೆ ಸಮನಾಗಿರುತ್ತದೆ. ಹುಡುಕುವ ಸಂಕೇತವಾದರೋ ಒಂದು ಕೆಲ್ವಿನ್ನಿನ ಅಂಶಮಾತ್ರ.

2018ರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಮರುಭೂಮಿಯಲ್ಲಿ ಸ್ಥಾಪಿತವಾಗಿದ್ದ ‘ಎಡ್ಜಸ್’ ಎಂಬ ಉಪಕರಣದ ತಂಡವು ಇಂಥ ಸಂಕೇತವು ದೊರೆತಿರುವುದಾಗಿ ಪ್ರಕಟಿಸಿತು. 78 ಮೆಗಾಹರ್ಟ್ಸ್ ಕೇಂದ್ರವಾಗಿ, ಸುಮಾರು 19 ಮೆಗಾಹರ್ಟ್ಸ್ ಅಗಲವೂ 0.5 ಕೆಲ್ವಿನ್ ಆಳವೂ ಇದ್ದ ಒಂದು ತಗ್ಗು ರೋಹಿತದಲ್ಲಿ ಕಂಡಿತ್ತು. ಆ ಆಳವು ಪ್ರಚಲಿತ ಸಿದ್ಧಾಂತಗಳು ಹೇಳುವ ಗರಿಷ್ಠಮಿತಿಯ ಎರಡು ಪಟ್ಟಿಗಿಂತಲೂ ಹೆಚ್ಚು. ಅದು ನಿಜವಾಗಿದ್ದಲ್ಲಿ ಅಂದಿನ ಜಲಜನಕವನ್ನು ಅಜ್ಞಾತ ದ್ರವ್ಯವೊಂದು ತಣಿಸಿರಬೇಕೆಂಬಂಥ ಹೊಸ ಕಲ್ಪನೆಗಳನ್ನು ಒಪ್ಪಬೇಕಾಗುತ್ತಿತ್ತು. ಆದ್ದರಿಂದ ಅದು ಆಕಾಶದ ಪಾಠವೋ ಉಪಕರಣದ ಪ್ರಮಾದವೋ ಎಂಬ ಪ್ರಶ್ನೆ ಅನಿವಾರ್ಯವಾಯಿತು.

ಉಪಕರಣವು ಸಂಕೇತವನ್ನು ಹೇಗೆ ಅನುಕರಿಸಬಲ್ಲುದೆಂಬುದು ಒಂದು ಸರಳ ಗಣಿತದಿಂದ ಸ್ಪಷ್ಟವಾಗುತ್ತದೆ. ಆಂಟೆನಾದಿಂದ ವರ್ಧಕಕ್ಕೆ 10 ಮೀಟರು ಉದ್ದದ ತಂತಿಯಿದೆಯೆಂದು ಭಾವಿಸಬೇಕು. ಎರಡು ತುದಿಗಳಲ್ಲಿಯೂ ತರಂಗದ ಅಲ್ಪಾಂಶವು ಪ್ರತಿಫಲಿಸಿ, ಹೋಗಿಬಂದು ಮೂಲ ತರಂಗದೊಡನೆ ಕೂಡಿಕೊಳ್ಳುತ್ತದೆ. ಕೆಲವು ಕಂಪನಾಂಕಗಳಲ್ಲಿ ಅವೆರಡೂ ಪರಸ್ಪರ ಪೋಷಿಸುತ್ತವೆ. ಕೆಲವುಗಳಲ್ಲಿ ಪರಸ್ಪರ ಕುಂದಿಸುತ್ತವೆ. ತಂತಿಯಲ್ಲಿ ತರಂಗದ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಅದನ್ನು ಹೋಗಿಬರುವ 20 ಮೀಟರು ದೂರದಿಂದ ಭಾಗಿಸಿದರೆ 10 ಮೆಗಾಹರ್ಟ್ಸ್ ಬರುತ್ತದೆ. ಎಂದರೆ ರೋಹಿತದಲ್ಲಿ ಪ್ರತಿ 10 ಮೆಗಾಹರ್ಟ್ಸ್‌ಗೆ ಒಂದು ಏರಿಳಿತವು ಮೂಡುತ್ತದೆ. ಇದು ಹುಡುಕುವ ಸಂಕೇತದ ಅಗಲಕ್ಕೆ ತೀರ ಸಮೀಪವಾದದ್ದು! ತಂತಿಯನ್ನು 10 ಸೆಂಟಿಮೀಟರಿಗೆ ಇಳಿಸಿದಲ್ಲಿ ಏರಿಳಿತದ ಅಂತರ 1000 ಮೆಗಾಹರ್ಟ್ಸ್ ಆಗುತ್ತದೆ. ಆಗ 30 ಮೆಗಾಹರ್ಟ್ಸ್‌ಗಳ ವ್ಯಾಪ್ತಿಯಲ್ಲಿ ಅದು ನಯವಾದ ಒಂದು ಓರೆಯಾಗಿ ಮಾತ್ರ ಉಳಿಯುತ್ತದೆ. ದೋಷವು ಇಲ್ಲವಾಗಲಿಲ್ಲ, ಸಂಕೇತದ ವೇಷವನ್ನು ಧರಿಸುವ ಶಕ್ತಿಯನ್ನು ಅದು ಕಳೆದುಕೊಂಡಿತು. ಈ ಕಾರಣದಿಂದಲೇ ಸಾರಸ್‌ನ ಮೂರನೆಯ ಆವೃತ್ತಿಯಲ್ಲಿ ಗ್ರಾಹಕವನ್ನು ಆಂಟೆನಾದ ಬುಡದಲ್ಲಿಯೇ ಇರಿಸಲಾಯಿತು. ಅಲ್ಲಿಂದ ಸಂಕೇತವು ಬೆಳಕಿನ ಎಳೆಯ ಮೂಲಕ ದೂರದ ಗಣಕಭಾಗವನ್ನು ತಲಪುತ್ತದೆ.

ನೆಲದ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುತ್ತದೆ. ಮಣ್ಣು, ತೇವ, ಬಂಡೆ ಇವು ಪದರಪದರವಾಗಿರುವುದರಿಂದ ಆಳದ ಪದರಗಳು ತರಂಗವನ್ನು ಪ್ರತಿಫಲಿಸಿ ಅಂಥವೇ ಏರಿಳಿತಗಳನ್ನು ಉಂಟುಮಾಡುತ್ತವೆ. ಅವುಗಳ ಪ್ರಮಾಣವನ್ನು ಮೊದಲೇ ಲೆಕ್ಕಹಾಕುವುದು ದುಸ್ಸಾಧ್ಯ. ನೀರು ಹಾಗಲ್ಲ. ಅದು ಏಕರೂಪವಾದದ್ದು, ಅದರ ವಿದ್ಯುದ್ಗುಣಗಳು ತಿಳಿದಿರುವಂಥವು. ಆದ್ದರಿಂದ ಆಂಟೆನಾವನ್ನು ತೆಪ್ಪದ ಮೇಲೆ ಸ್ಥಾಪಿಸಿ 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಡಲಾಯಿತು. ಎಫ್.ಎಂ. ಪ್ರಸಾರದ ಗದ್ದಲದಿಂದ ದೂರವಿರುವುದೂ ಸ್ಥಳದ ಆಯ್ಕೆಯಲ್ಲಿ ಅಗತ್ಯವಾಗಿತ್ತು.

ಆಂಟೆನಾದ ಆಕಾರವೂ ಗಮನಾರ್ಹ. ಅದು ತಟ್ಟೆಯೊಂದರ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ಶಂಕುವಿನಂತಿದೆ. ಸಾಮಾನ್ಯ ಆಂಟೆನಾಗಳು ತಮ್ಮ ವ್ಯಾಪ್ತಿಯ ಮಧ್ಯದಲ್ಲಿ ಅನುರಣಿಸುವಂತೆ ರಚಿತವಾಗಿರುತ್ತವೆ. ಇದನ್ನಾದರೋ 55ರಿಂದ 85 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ಎಲ್ಲಿಯೂ ಅನುರಣಿಸದಂತೆ ಬೇಕೆಂದೇ ಗಿಡ್ಡದಾಗಿ ಮಾಡಲಾಗಿದೆ. ಇದರಿಂದ ಗ್ರಹಣಶಕ್ತಿ ಕುಗ್ಗುತ್ತದೆ, ವೀಕ್ಷಣೆಯ ಕಾಲವು ಹೆಚ್ಚಬೇಕಾಗುತ್ತದೆ. ಆ ನಷ್ಟವನ್ನು ಸಹಿಸಿ ನಯವಾದ ಪ್ರತಿಕ್ರಿಯೆಯನ್ನು ಪಡೆದುಕೊಂಡದ್ದೇ ಈ ರಚನೆಯ ವಿವೇಕ. ಇದಲ್ಲದೆ, ಆಂಟೆನಾದ ಸ್ಥಾನದಲ್ಲಿ ಗುಣ ತಿಳಿದಿರುವ ವಿದ್ಯುದ್ಭಾಗಗಳನ್ನು ಜೋಡಿಸಿ, ಗ್ರಾಹಕವು ತಾನಾಗಿ ಯಾವುದಾದರೂ ತಗ್ಗನ್ನು ಸೃಷ್ಟಿಸುತ್ತದೆಯೇ ಎಂದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗಿತ್ತು.

2022ರಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಎಡ್ಜಸ್ ವರದಿಮಾಡಿದ ಆಕಾರದ ತಗ್ಗು ಸಾರಸ್‌ನ ರೋಹಿತದಲ್ಲಿ ಕಾಣಲಿಲ್ಲ; ಆ ಆಕಾರವನ್ನು ಸಾರಸ್ ತಂಡವು 95.3 ಪ್ರತಿಶತ ವಿಶ್ವಾಸಮಟ್ಟದಲ್ಲಿ ನಿರಾಕರಿಸಿತು. ಈ ಅಂಕಿಯು ಪ್ರಬಲವಾದ ಆಕ್ಷೇಪವನ್ನು ಸೂಚಿಸುತ್ತದೆಯೇ ಹೊರತು ಅಂತಿಮ ತೀರ್ಪನ್ನಲ್ಲ. ಮೊದಲ ನಕ್ಷತ್ರಗಳ ಸಂಕೇತವೇ ಇಲ್ಲವೆಂದೂ ಇದರಿಂದ ಸಿದ್ಧವಾಗುವುದಿಲ್ಲ. ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇರುವ ಪಾಠವನ್ನು ಮೂಲದ್ದೆಂದು ಕೂಡಲೆ ಸ್ವೀಕರಿಸಲಾಗದು ಎಂಬಷ್ಟೇ ಇದರ ತಾತ್ಪರ್ಯ. ಆ ಪ್ರತಿಗಳು ಭಿನ್ನ ಪರಂಪರೆಯವಾಗಿರಬೇಕೆಂಬ ನಿಯಮವೂ ಇಲ್ಲಿ ಪಾಲಿತವಾಗಿದೆ: ಒಂದು ಮರುಭೂಮಿಯ ನೆಲದ ಮೇಲೆ ನಿಂತದ್ದು, ಇನ್ನೊಂದು ನೀರಿನ ಮೇಲೆ ತೇಲಿದ್ದು. ಇಬ್ಬರೂ ಒಂದೇ ಬಗೆಯ ಉಪಕರಣವನ್ನು ಕೊಂಡು ಬಳಸಿದ್ದರೆ ಒಂದೇ ತಪ್ಪು ಎರಡು ಸಾಕ್ಷಿಗಳಾಗಿ ತೋರುವ ಅಪಾಯವಿತ್ತು.

ಇಂಥ ಉಪಕರಣವನ್ನು ಮಾಡಿಸುವವರ ಹೊಣೆಯೇನೆಂಬುದು ಇದರಿಂದ ತಿಳಿಯುತ್ತದೆ. ವ್ಯಾಪ್ತಿ, ವರ್ಧನ, ಅಳತೆ, ಬೆಲೆ ಇವುಗಳನ್ನು ನಿರ್ಮಾಪಕನಿಗೆ ಬರೆದುಕೊಟ್ಟರೆ ಸಾಲದು. ತಾವು ಹುಡುಕುವ ಸಂಕೇತದ ಆಕಾರವೇನು, ಯಾವ ದೋಷವು ಅದನ್ನು ಹೋಲಬಲ್ಲುದು, ಯಾವ ದೋಷವನ್ನು ಸಹಿಸಬಹುದು, ಯಾವ ಪರೀಕ್ಷೆಯಿಂದ ಅದನ್ನು ಕಂಡುಹಿಡಿಯಬಹುದು ಎಂಬುದನ್ನೂ ಆರಂಭದಲ್ಲಿಯೇ ನಿರ್ದೇಶಿಸಬೇಕು. ಇದನ್ನು ಪ್ರಶ್ನೆ ಕೇಳುವವನು ಬಲ್ಲನೇ ಹೊರತು ಲೋಹವನ್ನು ಕೊಯ್ದು ತಂತಿಯನ್ನು ಬೆಸೆಯುವವನು ತಾನಾಗಿ ಊಹಿಸಲಾರ.